ಡಾಕ್ಟರ ಕೈಗುಣ ಬಾಗಿಲಲ್ಲೇ ಶುರು: ಸಣ್ಣ ಕ್ಲಿನಿಕ್ ನಡೆಸುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಒಬ್ಬ ಡಾಕ್ಟರನ್ನು ಹೊಗಳಬೇಕಾದರೆ ಯಾರೂ ಅವರ ಡಿಗ್ರಿ ಹೇಳುವುದಿಲ್ಲ. 'ಅವರ ಕೈಗುಣ ಚೆನ್ನಾಗಿದೆ' ಅಂತಾರೆ, ಅಷ್ಟೇ. ಅದೇ ಮಾತ್ರೆ, ಅದೇ ಸಿರಪ್ ಪಕ್ಕದ ಬೀದಿಯಲ್ಲೂ ಸಿಗುತ್ತದೆ. ಆದರೂ ಜನ ಎರಡು ಬಸ್ ಬದಲಾಯಿಸಿ ಆ ಕೈಗುಣದ ಡಾಕ್ಟರ ಹತ್ತಿರವೇ ಹೋಗುತ್ತಾರೆ.

ನನ್ನ ಯಜಮಾನರು ಡಾಕ್ಟರ್. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ನಮ್ಮದೊಂದು ಪುಟ್ಟ ಕ್ಲಿನಿಕ್. ಅವರು ಒಳಗೆ ನಾಡಿ ನೋಡುತ್ತಾರೆ, ನಾನು ಹೊರಗೆ ಮೇಜು ನೋಡುತ್ತೇನೆ. ಇಷ್ಟು ವರ್ಷ ಆ ಮೇಜಿನ ಹಿಂದೆ ಕೂತು ನನಗೆ ಅರ್ಥವಾಗಿದ್ದು ಇದು: ಜನ ಕೈಗುಣ ಅನ್ನುವುದರಲ್ಲಿ ಅರ್ಧ ಭಾಗ ಡಾಕ್ಟರ ಕೈಯಲ್ಲೇ ಇಲ್ಲ. ಫೋನ್ ಎತ್ತಿದವರ ದನಿಯಲ್ಲಿದೆ, ಕಾಯುವ ಬೆಂಚಿನಲ್ಲಿದೆ, ಚೀಟಿಯ ಅಕ್ಷರದಲ್ಲಿದೆ. ಅಷ್ಟನ್ನು ಸರಿ ಮಾಡಿಕೊಳ್ಳುವುದು ಹೇಗೆ, ಅದರಿಂದ ಹೊಸ ಪೇಶೆಂಟ್‌ಗಳು ಬರುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ದೊಡ್ಡ ಆಸ್ಪತ್ರೆಗಳಿಗೆ ಇದರಲ್ಲಿ ಹೆಚ್ಚು ಕೆಲಸಕ್ಕೆ ಬರಲಿಕ್ಕಿಲ್ಲ. ಒಬ್ಬರೋ ಇಬ್ಬರೋ ಡಾಕ್ಟರು, ಒಬ್ಬ ಕಾಂಪೌಂಡರ್, ಒಬ್ಬರು ಸಿಸ್ಟರ್ ಇರುವ ಜಾಗಕ್ಕೆ ಇದು.

ಮೊದಲ ಹೆಜ್ಜೆ: ನಿಮ್ಮ ಬೆಂಚಿನ ಮೇಲೆ ನೀವೇ ಕೂತು ನೋಡಿ

ಪೇಂಟ್ ಹೊಡೆಸುವುದು, ಟಿವಿ ಹಾಕಿಸುವುದು ಎಲ್ಲ ಆಮೇಲೆ. ಮೊದಲು ಒಂದು ವಾರ ನೋಟ್‌ಬುಕ್ ಇಡಿ. ಪ್ರತಿಯೊಬ್ಬರಿಗೂ ಮೂರು ಸಮಯ ಬರೆಯಿರಿ: ಟೋಕನ್ ತಗೊಂಡಿದ್ದು ಎಷ್ಟು ಹೊತ್ತಿಗೆ, ಒಳಗೆ ಹೋಗಿದ್ದು ಎಷ್ಟು ಹೊತ್ತಿಗೆ, ಹೊರಗೆ ಬಂದಿದ್ದು ಎಷ್ಟು ಹೊತ್ತಿಗೆ. ಅಷ್ಟೇ. ಸಾಫ್ಟ್‌ವೇರ್ ಏನೂ ಬೇಡ.

ನಾವು ಇದನ್ನು ಮೊದಲ ಸಲ ಮಾಡಿದಾಗ ನನಗೆ ನಾಚಿಕೆಯೇ ಆಯಿತು. ಪೇಶೆಂಟ್‌ಗಳು ಜಾಸ್ತಿ, ಅದಕ್ಕೇ ಕಾಯಬೇಕಾಗುತ್ತದೆ ಅಂದುಕೊಂಡಿದ್ದೆವು. ನೋಟ್‌ಬುಕ್ ಬೇರೆಯೇ ಕತೆ ಹೇಳಿತು. ಬೋರ್ಡಿನ ಮೇಲೆ 10 ಗಂಟೆ. ಯಜಮಾನರು ಕುರ್ಚಿಯಲ್ಲಿ ಕೂರುತ್ತಿದ್ದದ್ದು 10:25ಕ್ಕೆ. ಆ 25 ನಿಮಿಷ ಮೊದಲ ಪೇಶೆಂಟಿಗೆ ಮಾತ್ರ ಅಲ್ಲ, ಆ ಬೆಳಿಗ್ಗೆ ಬಂದ ಅಷ್ಟೂ ಜನರ ತಲೆ ಮೇಲೆ ಕೂತಿತ್ತು.

ಲೆಕ್ಕ ಸುಲಭ. ಒಬ್ಬರಿಗೆ 8 ನಿಮಿಷ ಅಂದರೆ ಗಂಟೆಗೆ ಏಳು ಜನ. 35 ಟೋಕನ್ ಕೊಟ್ಟರೆ 280 ನಿಮಿಷ, ಅಂದರೆ 4 ಗಂಟೆ 40 ನಿಮಿಷ. ಹತ್ತಕ್ಕೆ ಶುರುವಾದರೂ ಮುಗಿಯುವುದು 2:40ಕ್ಕೆ. 25 ನಿಮಿಷ ತಡವಾದರೆ ಮೂರು ಗಂಟೆ ದಾಟುತ್ತದೆ. ಒಂದೂವರೆಗೆ ಮುಗಿಸುತ್ತೇವೆ ಅಂತ ಬೋರ್ಡ್ ಹಾಕಿಕೊಂಡು 35 ಟೋಕನ್ ಕೊಡುವುದು ಸುಳ್ಳು ಹೇಳಿದ ಹಾಗೇ ಅಲ್ವಾ?

ಇನ್ನೊಂದು ಕೆಲಸ. ನಿಮ್ಮ ಕಾಂಪೌಂಡರಿಗೆ ಪರಿಚಯ ಇಲ್ಲದ ನೆಂಟರೊಬ್ಬರನ್ನು ಪೇಶೆಂಟ್ ಹಾಗೆ ಕಳಿಸಿ. ಫೋನ್ ಮಾಡುವುದರಿಂದ ಹಿಡಿದು ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಳ್ಳುವವರೆಗೂ ಏನೇನಾಯಿತು ಅಂತ ಬಂದು ಹೇಳಲಿ. ನಮ್ಮ ಚಿಕ್ಕಮ್ಮ ಹೋಗಿ ಬಂದು ಹೇಳಿದ ಮೊದಲ ಮಾತು: 'ಚಪ್ಪಲಿ ಎಲ್ಲಿ ಬಿಡೋದು ಅಂತಾನೇ ಗೊತ್ತಾಗ್ಲಿಲ್ಲ ಕಣೆ. ಕೇಳಿದ್ರೆ ಆ ಹುಡುಗ ತಲೆ ಎತ್ತಿ ನೋಡ್ಲಿಲ್ಲ.' ಇಷ್ಟು ವರ್ಷ ದಿನಾ ಅದೇ ಬಾಗಿಲಲ್ಲಿ ಓಡಾಡಿದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಎರಡನೆಯದು: ಫೋನ್

ಹೊಸ ಪೇಶೆಂಟ್ ಸಿಗುವುದು ಇಲ್ಲಿ, ಕಳೆದುಹೋಗುವುದೂ ಇಲ್ಲೇ. ಫೋನಿನಲ್ಲಿ ಜನ ಕೇಳುವುದು ನಾಲ್ಕೇ ಪ್ರಶ್ನೆ: ಡಾಕ್ಟರ್ ಇದ್ದಾರಾ, ಎಷ್ಟು ಹೊತ್ತಿಗೆ ಬರಲಿ, ಫೀಸ್ ಎಷ್ಟು, ಎಲ್ಲಿ ಬರುತ್ತೆ. ಈ ನಾಲ್ಕಕ್ಕೂ ಉತ್ತರ ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

'ಇದ್ದಾರೆ, ಬನ್ನಿ' ಅನ್ನುವುದು ಉತ್ತರ ಅಲ್ಲ. 'ಡಾಕ್ಟರು ಹತ್ತರಿಂದ ಒಂದೂವರೆವರೆಗೆ ಇರ್ತಾರೆ ಅಮ್ಮ. ಈಗ ಹನ್ನೆರಡು ಜನ ಇದ್ದಾರೆ. ಹನ್ನೆರಡು ಗಂಟೆ ಹೊತ್ತಿಗೆ ಬಂದ್ರೆ ಜಾಸ್ತಿ ಕಾಯೋದು ಬೇಡ. ನಿಮ್ಮ ಹೆಸರು ಬರ್ಕೊಳ್ಳಲಾ?' ಇದು ಉತ್ತರ. ಹೇಳಲು ಹದಿನೈದು ಸೆಕೆಂಡೂ ಬೇಡ.

ಮಿಸ್ಡ್ ಕಾಲ್‌ಗಳನ್ನು ದಿನಕ್ಕೆ ಎರಡು ಸಲ, ಊಟಕ್ಕೆ ಹೋಗುವ ಮುಂಚೆ ಮತ್ತು ಬಾಗಿಲು ಹಾಕುವ ಮುಂಚೆ, ವಾಪಸ್ ಮಾಡಬೇಕು. ಕ್ಲಿನಿಕ್ ನಂಬರು ಡಾಕ್ಟರ ಸ್ವಂತ ನಂಬರ್ ಆಗಿರಬಾರದು. ಒಳಗೆ ಪೇಶೆಂಟ್ ಮಾತಾಡುತ್ತಿರುವಾಗ ಡಾಕ್ಟರ್ ಫೋನ್ ಎತ್ತಿ 'ಬನ್ನಿ ಬನ್ನಿ' ಅಂದರೆ, ಎದುರಿಗೆ ಕೂತವರಿಗೆ 'ನೀವಿನ್ನು ಏಳಿ' ಅಂದಂತೆ ಕೇಳಿಸುತ್ತದೆ.

ಮೂರನೆಯದು: ಟೋಕನ್, ಬಸ್ಸು, ಸಂತೆ

ಬೆಂಗಳೂರಿನ ಪದ್ಧತಿ ನೋಡಿ 11:20ಕ್ಕೆ ನಿಮ್ಮ ಅಪಾಯಿಂಟ್‌ಮೆಂಟ್ ಅಂದರೆ ನಮ್ಮಲ್ಲಿ ನಡೆಯುವುದಿಲ್ಲ. ಹಳ್ಳಿಯವರು ಬಸ್ ಬಂದಾಗ ಬರುತ್ತಾರೆ. ಬಸ್ ಒಂಬತ್ತೂವರೆಗೆ ಬಂದರೆ ಒಂಬತ್ತೂವರೆಗೇ ಬಂದು ಕೂರುತ್ತಾರೆ. ಹಾಗಂತ ಎಲ್ಲರನ್ನೂ ಒಟ್ಟಿಗೆ ಕೂರಿಸುವುದೂ ಸರಿಯಲ್ಲ. ನಾವು ಕಂಡುಕೊಂಡ ದಾರಿ ಗಂಟೆ ಲೆಕ್ಕದ ಟೋಕನ್. ಹತ್ತರಿಂದ ಹನ್ನೊಂದರ ಗುಂಪಿಗೆ ಆರು ಟೋಕನ್, ಹನ್ನೊಂದರಿಂದ ಹನ್ನೆರಡಕ್ಕೆ ಆರು, ಹೀಗೆ. ಗಂಟೆಗೆ ಏಳು ಜನ ಸಾಧ್ಯ ಇದ್ದರೂ ಆರೇ ಕೊಡುತ್ತೇವೆ. ಆ ಏಳನೆಯ ಜಾಗ ಜ್ವರ ನೆತ್ತಿಗೇರಿದ ಮಗುವಿಗೆ, ಕೈ ಕುಯ್ದುಕೊಂಡು ಬಂದವರಿಗೆ.

ಟೌನಿನವರಿಗೆ ಫೋನಿನಲ್ಲೇ ಹನ್ನೊಂದರ ನಂತರದ ಟೋಕನ್ ಕೊಡಿ. ಬೆಳಗಿನ ಗುಂಪು ಹಳ್ಳಿಯಿಂದ ಬರುವವರಿಗಿರಲಿ, ಅವರಿಗೆ ವಾಪಸ್ ಬಸ್ ಹಿಡಿಯಬೇಕು. ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ ಅಂತ ಗೋಡೆ ಮೇಲೆ ಒಂದು ಪಟ್ಟಿ ಹಾಕಿ. ನಮ್ಮ ಕ್ಲಿನಿಕ್ಕಿನಲ್ಲಿ ಜನ ಅತಿ ಹೆಚ್ಚು ಓದುವ ಹಾಳೆ ಅದೇ, ಡಯಾಬಿಟಿಸ್ ಪೋಸ್ಟರ್ ಅಲ್ಲ! ಸಂತೆ ದಿನ ಸಂಜೆ ಒಂದು ಗಂಟೆ ಹೆಚ್ಚು ತೆರೆದಿಟ್ಟು, ಮಾರನೆ ದಿನ ಸಂಜೆ ಬೇಗ ಮುಗಿಸಿದರೆ ಸಮ ಆಗುತ್ತದೆ.

ಮೆಡಿಕಲ್ ರೆಪ್‌ಗಳ, ಅಂದರೆ ಔಷಧ ಕಂಪನಿಗಳ ಪ್ರತಿನಿಧಿಗಳ ವಿಷಯ. ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲಿ ಬ್ಯಾಗು, ಸಾಲು ತಪ್ಪಿಸಿ ಒಳಗೆ. ಒಂದೂವರೆ ಗಂಟೆಯಿಂದ ಕಾಯುತ್ತಿರುವ ಅಜ್ಜಿ ಅದನ್ನು ನೋಡುತ್ತಿರುತ್ತಾಳೆ. ರೆಪ್‌ಗಳಿಗೆ ವಾರಕ್ಕೆ ಎರಡು ದಿನ, ಕೊನೆಯ ಪೇಶೆಂಟ್ ಹೋದಮೇಲೆ ಅಂತ ಬಾಗಿಲಲ್ಲೇ ಬರೆದು ಹಾಕಿ. ಪಾಪ, ಅವರದ್ದೂ ಹೊಟ್ಟೆಪಾಡು. ಸಮಯ ಖಚಿತ ಮಾಡಿದರೆ ಅವರಿಗೂ ಅನುಕೂಲವೇ.

ತಡವಾದರೆ ಹೇಳಿಬಿಡಿ. ಕಾಯುವುದಕ್ಕಿಂತ ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುವುದು ಜನಕ್ಕೆ ಸಿಟ್ಟು ತರಿಸುತ್ತದೆ. 'ಇನ್ನೂ ಮುಕ್ಕಾಲು ಗಂಟೆ ಆಗುತ್ತೆ, ಕಾಫಿ ಕುಡಿದು ಬನ್ನಿ, ನಿಮ್ಮ ನಂಬರು ಹೋಗಲ್ಲ' ಅಂದರೆ ಮುಖ ಸಡಿಲವಾಗುವುದು ಕಣ್ಣಾರೆ ಕಾಣುತ್ತದೆ.

ನಾಲ್ಕನೆಯದು: ಮೇಜಿನ ಹಿಂದಿನವರು

ಕಾಂಪೌಂಡರ್ ಹುಡುಗನಿಗೆ ಕಲಿಸಬೇಕಾದ್ದು ಎರಡು ವಿಷಯ. ಒಂದು, ಸಾಲು ಯಾವಾಗ ಮುರಿಯಬೇಕು. ಎದೆನೋವು, ಉಸಿರು ಕಟ್ಟುವುದು, ಮಗುವಿಗೆ ಫಿಟ್ಸ್, ಬಸುರಿಗೆ ರಕ್ತಸ್ರಾವ, ಹಾವು ಕಚ್ಚಿದ್ದು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು. ಇವರಿಗೆ ಟೋಕನ್ ಕೇಳಕೂಡದು. ಡಾಕ್ಟರ ಬಾಗಿಲು ತಟ್ಟಬೇಕು, 108ಕ್ಕೆ ಫೋನ್ ಮಾಡಲು ಸಿದ್ಧವಾಗಿರಬೇಕು. ಈ ಪಟ್ಟಿ ಅವನಿಗೆ ಬಾಯಿಪಾಠ ಆಗಿರಲಿ. ಸಾಲು ಮುರಿದಾಗ ಉಳಿದವರಿಗೆ ಎದ್ದು ನಿಂತು ಹೇಳಬೇಕು: 'ಎದೆನೋವು ಅಂತ ಬಂದಿದ್ದಾರೆ, ಹತ್ತು ನಿಮಿಷ ಸುಧಾರಿಸ್ಕೊಳ್ಳಿ.' ಹಾಗೆ ಹೇಳಿದರೆ ಯಾರೂ ಜಗಳ ಆಡುವುದಿಲ್ಲ. ಹೇಳದೆ ಕಳಿಸಿದರೆ 'ಅವರು ಡಾಕ್ಟ್ರಿಗೆ ಬೇಕಾದವರು' ಅನ್ನುವ ಮಾತು ಹುಟ್ಟುತ್ತದೆ.

ಇನ್ನೊಂದು, ದನಿ. 'ಏನಾಗಿದೆ?' ಅಂತ ಇಪ್ಪತ್ತು ಜನರ ಮುಂದೆ ಕೂಗಿ ಕೇಳಬಾರದು. ಬಿಳಿಸೆರಗು, ಮುಟ್ಟಿನ ತೊಂದರೆ, ಮೂಲವ್ಯಾಧಿ, ಕುಡಿತ. ಯಾರು ಬಾಯಿ ಬಿಟ್ಟು ಹೇಳುತ್ತಾರೆ? ಹೆಸರು, ವಯಸ್ಸು, ಊರು ಸಾಕು. ಉಳಿದದ್ದು ಒಳಗೆ. ಹಿರಿಯರನ್ನು ಅಜ್ಜ, ಅಮ್ಮ, ಅಣ್ಣ ಅಂತ ಕರೆಯುವುದು ನಮ್ಮಲ್ಲಿ ಸಹಜ. ಟೋಕನ್ ನಂಬರ್ ಕೂಗುವಾಗಲೂ 'ಹದಿನಾಲ್ಕು!' ಅಂತ ಕಿರುಚುವ ಬದಲು 'ಹದಿನಾಲ್ಕನೇ ನಂಬರಿನವರು ಬನ್ನಿ' ಅಂದರೆ ಸವೆದು ಹೋಗುವುದೇನಿಲ್ಲ.

ಐದನೆಯದು: ಒಳಕೋಣೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಉಳಿದದ್ದೆಲ್ಲ ಚೆನ್ನಾಗಿದ್ದು ಇದೊಂದು ಕೆಟ್ಟರೆ ಏನೂ ಉಪಯೋಗವಿಲ್ಲ.

ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನುವವರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೇಶೆಂಟ್ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರಂತೆ. ಇನ್ನು 2017ರಲ್ಲಿ ಬ್ರಿಟನ್ನಿನ ಬಿಎಂಜೆ ಓಪನ್ ಪತ್ರಿಕೆಯಲ್ಲಿ 67 ದೇಶಗಳ ಲೆಕ್ಕ ಬಂತು. ಒಬ್ಬ ಪೇಶೆಂಟಿಗೆ ಡಾಕ್ಟರ್ ಕೊಡುವ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ನಮ್ಮ ದೇಶದ್ದು ಎರಡು ನಿಮಿಷದ ಆಸುಪಾಸು. ಸ್ವೀಡನ್ ಆಗಲು ನಮ್ಮಿಂದ ಆಗದು, ಜನ ಜಾಸ್ತಿ. ಆದರೆ ಇರುವ ಸಮಯದಲ್ಲಿ ಮೊದಲ ಒಂದು ನಿಮಿಷ ಸುಮ್ನೆ ಕೇಳಿಸಿಕೊಳ್ಳಲು ಆಗುತ್ತದೆ. ಪೆನ್ನು ಕೆಳಗಿಟ್ಟು, ಮುಖ ನೋಡುತ್ತಾ. ಹೆಚ್ಚಿನವರು ಅಷ್ಟರೊಳಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುತ್ತಾರೆ.

ಒಂದು ಪ್ರಶ್ನೆಯ ಬಗ್ಗೆ ವಿಶೇಷವಾಗಿ ಹೇಳುತ್ತೇನೆ. ಎಲ್ಲ ಮುಗಿದ ಮೇಲೆ ಯಜಮಾನರು 'ಬೇರೇನೂ ಇಲ್ಲ ತಾನೆ?' ಅನ್ನುತ್ತಿದ್ದರು. 'ಇಲ್ಲ ಡಾಕ್ಟ್ರೇ' ಅಂತ ಎದ್ದು ಹೊರಗೆ ಬಂದ ಹೆಂಗಸರು ನನ್ನ ಮೇಜಿನ ಹತ್ತಿರ ನಿಂತು 'ಅಕ್ಕಾ, ಇನ್ನೊಂದು ಕೇಳ್ಬೇಕಿತ್ತು' ಅನ್ನುತ್ತಿದ್ದರು. ಆ ಇನ್ನೊಂದೇ ಎಷ್ಟೋ ಸಲ ಅವರು ಬಂದ ನಿಜವಾದ ಕಾರಣ. 'ಇಲ್ಲ ತಾನೆ' ಅನ್ನುವ ಮಾತೇ ಬಾಗಿಲು ಹಾಕಿಬಿಡುತ್ತದೆ. ಈಗ ಅವರು 'ಮತ್ತೇನು ತೊಂದರೆ ಇದೆ, ಹೇಳಿ' ಅನ್ನುತ್ತಾರೆ. ನನ್ನ ಮೇಜಿನ ಹತ್ತಿರ ನಿಲ್ಲುವವರು ಕಡಿಮೆಯಾಗಿದ್ದಾರೆ.

ಒಬ್ಬರು ಒಳಗಿರುವಾಗ ಮುಂದಿನ ಇಬ್ಬರು ಬಾಗಿಲ ಹತ್ತಿರ ನಿಂತು ಇಣುಕುವ ಪದ್ಧತಿ ನಮ್ಮ ಎಷ್ಟೋ ಕ್ಲಿನಿಕ್ಕುಗಳಲ್ಲಿದೆ. ನಮ್ಮಲ್ಲೂ ಇತ್ತು. ಇದನ್ನು ನಿಲ್ಲಿಸಲು ದುಡ್ಡು ಬೇಡ, ಒಂದು ಪರದೆ ಮತ್ತು ಒಬ್ಬ ಗಟ್ಟಿ ಕಾಂಪೌಂಡರ್ ಸಾಕು. ಹೆಂಗಸರನ್ನು ಪರೀಕ್ಷೆ ಮಾಡುವಾಗ ಸಿಸ್ಟರ್ ಜೊತೆಯಲ್ಲಿರಲೇಬೇಕು. ಇದು ಪೇಶೆಂಟಿಗೂ ಧೈರ್ಯ, ಡಾಕ್ಟರಿಗೂ ರಕ್ಷಣೆ.

ಆಮೇಲೆ ಸೂಜಿ. 'ಒಂದು ಇಂಜೆಕ್ಷನ್ ಹಾಕ್ಬಿಡಿ ಡಾಕ್ಟ್ರೇ, ಮಾತ್ರೇಲಿ ಹೋಗಲ್ಲ.' ಬೇಡ ಅಂದರೆ ಮುಂದಿನ ಬೀದಿಗೆ ಹೋಗುತ್ತಾರೆ ಅನ್ನುವ ಭಯ ಪ್ರತಿ ಡಾಕ್ಟರಿಗೂ ಇದೆ. ನನ್ನ ಅನುಭವದಲ್ಲಿ, ಬರೀ 'ಬೇಡ' ಅಂದರೆ ಹೋಗುತ್ತಾರೆ. 'ಇದು ವೈರಲ್ ಜ್ವರ. ಸೂಜಿ ಹಾಕಿದ್ರೂ ಮೂರು ದಿನ, ಹಾಕದಿದ್ರೂ ಮೂರು ದಿನ. ಮೂರನೇ ದಿನಕ್ಕೂ ಬಿಡದಿದ್ರೆ, ಅಥವಾ ಮೈ ಮೇಲೆ ಕೆಂಪು ಚುಕ್ಕಿ ಬಂದ್ರೆ, ವಾಂತಿ ನಿಲ್ಲದಿದ್ರೆ, ಅದೇ ಕ್ಷಣ ಬನ್ನಿ' ಅಂದರೆ ಉಳಿಯುತ್ತಾರೆ. ಅವರಿಗೆ ಬೇಕಾಗಿದ್ದದ್ದು ಸೂಜಿಯಲ್ಲ, ನಮ್ಮನ್ನು ಲೆಕ್ಕಕ್ಕೆ ತಗೊಂಡರು ಅನ್ನುವ ಭಾವನೆ.

ಪಥ್ಯದ ಪ್ರಶ್ನೆಯನ್ನು ನಕ್ಕು ತಳ್ಳಬೇಡಿ. 'ಏನು ಪಥ್ಯ ಮಾಡ್ಬೇಕು? ಮೊಸರು ತಿನ್ಬಹುದಾ? ಬಾಳೆಹಣ್ಣು ಶೀತ ಅಲ್ವಾ?' ಇದನ್ನು ಕೇಳದೆ ನಮ್ಮವರು ಎದ್ದು ಹೋಗುವುದಿಲ್ಲ. 'ಎಲ್ಲಾ ತಿನ್ರಿ' ಅಂದ ಡಾಕ್ಟರ ಬಗ್ಗೆ ಊರಿನಲ್ಲಿ 'ಪಥ್ಯಾನೇ ಹೇಳ್ಲಿಲ್ಲ, ಏನು ಡಾಕ್ಟ್ರೋ' ಅಂತಾರೆ. ಸಕ್ಕರೆ ಕಾಯಿಲೆಯವರಿಗಂತೂ ಮುದ್ದೆ ಎಷ್ಟು, ಅನ್ನ ಎಷ್ಟು ಅಂತ ಬಿಡಿಸಿ ಹೇಳಬೇಕು. ರಾಗಿ ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಅಂದುಕೊಂಡು ಎರಡು ದೊಡ್ಡ ಮುದ್ದೆ ಇಳಿಸುವವರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಮುದ್ದೆಯಲ್ಲೂ ಪಿಷ್ಟ ಇದೆ, ಅಳತೆ ಮುಖ್ಯ ಅಂತ ಯಾರಾದರೂ ಹೇಳಬೇಕಲ್ಲ.

ಆರನೆಯದು: ಚೀಟಿ

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ತೆಂಗಿನ ತೋಟದ ಒಬ್ಬ ಯಜಮಾನರಿಗೆ ನಮ್ಮ ಡಾಕ್ಟರು ಸಕ್ಕರೆ ಮಾತ್ರೆ ಬರೆದು 'ಬೆಳಿಗ್ಗೆ, ಊಟಕ್ಕೆ ಮುಂಚೆ' ಅಂದು ಕಳಿಸಿದ್ದರು. ಆತ ಬಹಳ ಶಿಸ್ತಿನ ಮನುಷ್ಯ. ಬೆಳಿಗ್ಗೆ ಆರಕ್ಕೇ ಮಾತ್ರೆ ನುಂಗಿ, ತೋಟಕ್ಕೆ ನೀರು ಬಿಡಲು ಹೋಗುತ್ತಿದ್ದರು. ಊಟ ಹತ್ತೂವರೆಗೆ. ಊಟಕ್ಕೆ ಮುಂಚೆಯೇ ತಗೊಂಡಂತಾಯಿತಲ್ಲ! ನಾಲ್ಕನೇ ದಿನ ಬೆವೆತು, ಕೈಕಾಲು ನಡುಗಿ, ಬದುವಿನ ಮೇಲೆ ಕುಸಿದು ಕೂತಿದ್ದರು. ಮಗ ಬಾಯಿಗೆ ಸಕ್ಕರೆ ನೀರು ಹಾಕಿ ಕರೆತಂದ. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗಿ ಹೊಟ್ಟೆಗೆ ಏನೂ ಹಾಕದಿದ್ದರೆ ಹೀಗಾಗುತ್ತದೆ. ತಪ್ಪು ಅವರದ್ದಲ್ಲ. ನಾವು ಹೇಳಿದ್ದನ್ನೇ ಅವರು ಮಾಡಿದ್ದರು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಚೀಟಿ ಕೊಟ್ಟ ಮೇಲೆ ಸಿಸ್ಟರ್ ಕೇಳುತ್ತಾರೆ: 'ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ, ಒಂದ್ಸಲ ನನಗೆ ಹೇಳಿ ನೋಡೋಣ.' ಪೇಶೆಂಟ್ ತಮ್ಮ ಮಾತಿನಲ್ಲಿ ಹೇಳಬೇಕು. 'ಅರ್ಥ ಆಯ್ತಾ?' ಅಂತ ಕೇಳಿದರೆ ಎಲ್ಲರೂ ಆಯ್ತು ಅಂತಾರೆ. ಹೇಳಿಸಿದಾಗಲೇ ಗೊತ್ತಾಗುವುದು. ಒಬ್ಬರಿಗೆ ಒಂದು ನಿಮಿಷ ಹಿಡಿಯುತ್ತದೆ. ಅದನ್ನು ಉಳಿಸಲು ಹೋಗಬೇಡಿ.

1-0-1 ಅಂತ ಬರೆಯುವುದು ಮೆಡಿಕಲ್ ಶಾಪಿನವರಿಗೆ ಸರಿ. ಪೇಶೆಂಟಿಗೆ ಕನ್ನಡದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಕಾಲಂ ಇರುವ ಚಿಕ್ಕ ಹಾಳೆ ಮಾಡಿಸಿ. ಓದು ಬಾರದವರಿಗೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರದ ರಬ್ಬರ್ ಸ್ಟಾಂಪ್ ಮಾಡಿಸಿದರೆ ಆಯಿತು. ಅಂದಹಾಗೆ, ಮದ್ದಿನ ಹೆಸರನ್ನು ಓದಲು ಬರುವಂತೆ, ಆದಷ್ಟೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಜೆನೆರಿಕ್ ಹೆಸರಿನಲ್ಲಿ (ಕಂಪನಿಯ ಬ್ರಾಂಡ್ ಹೆಸರಲ್ಲ, ಮದ್ದಿನ ಮೂಲ ಹೆಸರು) ಬರೆಯಬೇಕು ಅಂತ ವೈದ್ಯರ ನಡತೆ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಆಗಿದೆ. ಡಾಕ್ಟರ ಅಕ್ಷರದ ಜೋಕುಗಳು ಮಾತ್ರ ಇನ್ನೂ ನಡೆಯುತ್ತಲೇ ಇವೆ.

ಏಳನೆಯದು: ದುಡ್ಡಿನ ಮಾತು

ಫೀಸ್ ಎಷ್ಟು ಅಂತ ಗೋಡೆ ಮೇಲೆ ಕನ್ನಡದಲ್ಲಿ ಬರೆದು ಹಾಕಿ. ಇದು ಬರೀ ಸೌಜನ್ಯ ಅಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ನಾವೆಲ್ಲ ಕೆಪಿಎಂಇ ಅನ್ನುವುದು, 2007ರದ್ದು. ಅದರ ಪ್ರಕಾರ ನೋಂದಣಿ ಆಗಿರಬೇಕು, ದರ ಕಾಣುವಂತೆ ಹಾಕಬೇಕು. 2017ರ ತಿದ್ದುಪಡಿಯಲ್ಲಿ ಪೇಶೆಂಟ್‌ಗಳ ಹಕ್ಕುಗಳ ಸನ್ನದೂ ಸೇರಿದೆ. ಆ ಸನ್ನದನ್ನು ಎಲ್ಲೋ ಮೂಲೆಯಲ್ಲಿ ಅಂಟಿಸಿ ಮರೆಯಬೇಡಿ, ಬೆಂಚಿನ ಎದುರಿಗೇ ಹಾಕಿ.

ಬ್ಲಡ್ ಟೆಸ್ಟ್ ಬರೆದರೆ ಯಾಕೆ ಅಂತ ಒಂದು ವಾಕ್ಯ, ಸುಮಾರು ಎಷ್ಟಾಗುತ್ತದೆ ಅಂತ ಇನ್ನೊಂದು ವಾಕ್ಯ. 'ಇದು ಇವತ್ತೇ ಬೇಕು, ಇದು ಮುಂದಿನ ತಿಂಗಳು ಮಾಡಿಸಿದ್ರೂ ನಡೆಯುತ್ತೆ' ಅಂತ ಬಿಡಿಸಿ ಹೇಳಿದ ಡಾಕ್ಟರನ್ನು ಜನ ಮರೆಯುವುದಿಲ್ಲ. ಲ್ಯಾಬಿನಿಂದಲೋ ಸ್ಕ್ಯಾನಿಂಗ್ ಸೆಂಟರಿನಿಂದಲೋ ಕಮಿಷನ್ ತಗೊಳ್ಳುವುದು ನಿಯಮದ ಪ್ರಕಾರ ತಪ್ಪು, ಮತ್ತು ಊರಿಗೆಲ್ಲ ಗೊತ್ತಾಗುವ ತಪ್ಪು. 'ಅವರು ಬರೆಯೋದೇ ಅದಕ್ಕೆ' ಅನ್ನುವ ಮಾತು ಒಮ್ಮೆ ಹುಟ್ಟಿದರೆ ಸರಿಯಾಗಿ ಬರೆದ ಟೆಸ್ಟನ್ನೂ ಯಾರೂ ಮಾಡಿಸುವುದಿಲ್ಲ.

ಫೈಲ್ ಕೇಳಿದರೆ ಮುಖ ಗಂಟು ಹಾಕಬೇಡಿ. ದಾಖಲೆ ಕೇಳಿದವರಿಗೆ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮವಿದೆ. ದೊಡ್ಡ ಆಸ್ಪತ್ರೆಗೆ ತೋರಿಸಲು ಹೋಗುವವರಿಗೆ ನೀವೇ ಒಂದು ಸಾರಾಂಶ ಬರೆದುಕೊಟ್ಟು, 'ಅಲ್ಲಿ ಏನಂದ್ರು ಅಂತ ಬಂದು ಹೇಳಿ' ಅಂದರೆ ಅವರು ವಾಪಸ್ ನಿಮ್ಮ ಹತ್ತಿರವೇ ಬರುತ್ತಾರೆ.

ಎಂಟನೆಯದು: ಮನೆಗೆ ಹೋದಮೇಲೆ

ಎಲ್ಲರಿಗೂ ಫೋನ್ ಮಾಡಲು ಆಗುವುದಿಲ್ಲ. ದಿನಕ್ಕೆ ಐದು ಜನ ಸಾಕು. ಜ್ವರದ ಚಿಕ್ಕ ಮಕ್ಕಳು, ಹೊಸದಾಗಿ ಬಿಪಿ ಅಥವಾ ಸಕ್ಕರೆ ಮಾತ್ರೆ ಶುರು ಮಾಡಿದವರು, ಹೊಲಿಗೆ ಹಾಕಿಸಿಕೊಂಡವರು, ಒಬ್ಬರೇ ಇರುವ ವಯಸ್ಸಾದವರು. ಮಧ್ಯಾಹ್ನ ಬಿಡುವಾದಾಗ ಸಿಸ್ಟರ್ ಫೋನ್ ಮಾಡಿ 'ನಿನ್ನೆ ಬಂದಿದ್ರಲ್ಲ, ಈಗ ಹೇಗಿದೆ?' ಅನ್ನುತ್ತಾರೆ. ಎರಡೇ ನಿಮಿಷ. ಮೊದಮೊದಲು ಜನ 'ದುಡ್ಡೇನಾದ್ರೂ ಬಾಕಿ ಇದೆಯಾ?' ಅಂತ ಗಾಬರಿಯಾಗುತ್ತಿದ್ದರು! ಸುಮ್ನೆ ವಿಚಾರಿಸಲು ಕ್ಲಿನಿಕ್ಕಿನವರು ಫೋನ್ ಮಾಡುತ್ತಾರೆ ಅಂತ ಯಾರಿಗೂ ನಂಬಿಕೆಯೇ ಇರಲಿಲ್ಲ.

ಬಿಪಿ, ಸಕ್ಕರೆಯವರಿಗೆ ಪ್ರತ್ಯೇಕ ರಿಜಿಸ್ಟರ್ ಇಡಿ. ಮುಂದೆ ಬರಬೇಕಾದ ತಾರೀಖು ಬರೆಯಿರಿ. ಬರದಿದ್ದರೆ ವಾರದ ನಂತರ ಒಂದು ಮೆಸೇಜ್. ಮೊದಲೇ ಒಪ್ಪಿಗೆ ಕೇಳಿ, ಮೆಸೇಜಿನಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ. ಮನೆಯಲ್ಲಿ ಒಂದೇ ಫೋನು ನಾಲ್ಕು ಜನರ ಕೈಯಲ್ಲಿರುತ್ತದೆ. 'ನಿಮ್ಮ ಮುಂದಿನ ಭೇಟಿ ಬಾಕಿ ಇದೆ' ಅಂದರೆ ಸಾಕು. ವಾಟ್ಸಾಪ್ ಗ್ರೂಪ್ ಮಾತ್ರ ಬೇಡವೇ ಬೇಡ. ಯಾರ್‍ಯಾರು ಯಾವ ಡಾಕ್ಟರಿಗೆ ತೋರಿಸುತ್ತಾರೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ, ಮಾರನೆ ದಿನದಿಂದ ಗುಡ್ ಮಾರ್ನಿಂಗ್ ಹೂವು ಶುರು.

ಒಂಬತ್ತನೆಯದು: ಹೊಸಬರು ಬರಲು ಏನು ಮಾಡಬಹುದು, ಏನು ಮಾಡಬಾರದು

ಜಾಹೀರಾತು ಕಂಪನಿಯವರು ಬಂದು ಪ್ಯಾಕೇಜ್ ತೋರಿಸುತ್ತಾರೆ. ಸಹಿ ಹಾಕುವ ಮುಂಚೆ ನಿಯಮ ತಿಳಿದಿರಲಿ. ಅಲೋಪತಿ ಡಾಕ್ಟರಿಗೆ ಇವತ್ತಿಗೂ ಅನ್ವಯಿಸುವುದು 2002ರ ನಡತೆ ನಿಯಮಗಳು. 2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂದಿತ್ತು, ಅದೇ ತಿಂಗಳು ಅದನ್ನು ತಡೆಹಿಡಿದರು. 2002ರ ನಿಯಮದ ಪ್ರಕಾರ ಪೇಶೆಂಟ್‌ಗಳನ್ನು ಸೆಳೆಯಲು ಜಾಹೀರಾತು ಹಾಕುವಂತಿಲ್ಲ. ಕ್ಲಿನಿಕ್ ಶುರು ಮಾಡಿದ್ದು, ವಿಳಾಸ ಬದಲಾದದ್ದು, ರಜೆಯ ಮೇಲೆ ಹೋಗಿದ್ದು, ವಾಪಸ್ ಬಂದದ್ದು, ಫೀಸಿನ ವಿವರ, ಇಂಥದ್ದನ್ನು ಪತ್ರಿಕೆಯಲ್ಲಿ ತಿಳಿಸಬಹುದು. ಬೋರ್ಡ್ ವಿಪರೀತ ದೊಡ್ಡದಿರಬಾರದು. ಹೆಸರು, ಡಿಗ್ರಿ, ಯಾವ ತಜ್ಞರು, ನೋಂದಣಿ ಸಂಖ್ಯೆ ಇದ್ದರೆ ಆಯಿತು. ಮೆಡಿಕಲ್ ಶಾಪಿನ ಗೋಡೆಗೆ ಡಾಕ್ಟರ ಬೋರ್ಡ್ ತೂಗು ಹಾಕುವುದೂ ತಪ್ಪು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಫಿಟ್ಸ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಟ್ಟರೆ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ಬೇರೆ ಇದೆ.

ಹಾಗಾದರೆ ಉಳಿದದ್ದೇನು? ಬೇಕಾದಷ್ಟಿದೆ.

ಗೂಗಲ್ ಮ್ಯಾಪಿನಲ್ಲಿ ನಿಮ್ಮ ಕ್ಲಿನಿಕ್ ಸರಿಯಾದ ಜಾಗದಲ್ಲಿದೆಯಾ ನೋಡಿ. ನಮ್ಮದು ಮೂರು ಬೀದಿ ಆಚೆ, ಒಂದು ಹಿಟ್ಟಿನ ಗಿರಣಿಯ ಮೇಲೆ ಕೂತಿತ್ತು. ಗಿರಣಿಯವರು ಪಾಪ, ದಿನಾ ಪೇಶೆಂಟ್‌ಗಳಿಗೆ ದಾರಿ ತೋರಿಸುತ್ತಿದ್ದರಂತೆ. ಪ್ರೊಫೈಲ್ ತೆರೆಯಲು ದುಡ್ಡಿಲ್ಲ. ಹೆಸರನ್ನು ಕನ್ನಡದಲ್ಲೂ ಹಾಕಿ. ಸಮಯ, ವಾರದ ರಜೆ, ಫೋನ್ ನಂಬರ್ ಸರಿ ಇರಲಿ. ಯುಗಾದಿ, ದೀಪಾವಳಿ, ಊರ ಜಾತ್ರೆಗೆ ಮುಚ್ಚುವುದಾದರೆ ಮೊದಲೇ ಬದಲಾಯಿಸಿ. ಫೋಟೋದಲ್ಲಿ ಡಾಕ್ಟರ ಸನ್ಮಾನದ ಚಿತ್ರ ಬೇಡ, ರಸ್ತೆಯಿಂದ ಬಾಗಿಲು ಹೇಗೆ ಕಾಣುತ್ತದೆ ಅನ್ನುವ ಚಿತ್ರ ಬೇಕು. ಮೆಟ್ಟಿಲಿದೆಯಾ, ಗಾಡಿ ನಿಲ್ಲಿಸಲು ಜಾಗ ಇದೆಯಾ, ಅದು ಕಾಣಬೇಕು. ಮಂಡಿ ನೋವಿನವರು ಅದನ್ನೇ ನೋಡುವುದು.

ರಿವ್ಯೂಗೆ ದುಡ್ಡು, ರಿಯಾಯಿತಿ ಕೊಡಬೇಡಿ. ಗೂಗಲ್ಲಿನವರೂ ಒಪ್ಪುವುದಿಲ್ಲ. ಯಾರಾದರೂ ಕೆಟ್ಟದಾಗಿ ಬರೆದರೆ ರಾತ್ರಿ ಹನ್ನೊಂದಕ್ಕೆ ಕೂತು ಉತ್ತರ ಟೈಪ್ ಮಾಡಬೇಡಿ. ಒಂದು ದಿನ ಬಿಡಿ. 'ನೀವು ಬಂದ ದಿನ ನಿಮ್ಮ ಸಕ್ಕರೆ 300 ಇತ್ತು, ನೀವು ಮಾತ್ರೆ ತಗೊಂಡಿರಲಿಲ್ಲ' ಅಂತ ಬರೆದರೆ ಅವರ ಗುಟ್ಟು ಬಯಲು ಮಾಡಿದಂತೆ. 'ನಿಮಗೆ ಬೇಸರವಾಗಿದ್ದಕ್ಕೆ ಕ್ಷಮಿಸಿ. ಕಾಯುವ ಸಮಯ ಕಡಿಮೆ ಮಾಡಲು ಟೋಕನ್ ಪದ್ಧತಿ ಬದಲಾಯಿಸುತ್ತಿದ್ದೇವೆ. ದಯವಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ, ಮಾತಾಡೋಣ.' ಇಷ್ಟು ಸಾಕು. ಬದಲಾಯಿಸುತ್ತಿದ್ದೇವೆ ಅಂದಮೇಲೆ ಬದಲಾಯಿಸಲೇಬೇಕು ಮತ್ತೆ.

ಇನ್ನು ಊರಿನೊಳಗೆ. ಆಟೋದವರಿಗೆ ಕಮಿಷನ್ ಕೊಟ್ಟು ಕರೆಸಿಕೊಳ್ಳುವುದು ಬೇಡ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್, ಶಾಲೆಯ ಮೇಷ್ಟ್ರು ಇವರ ಪರಿಚಯ ಇಟ್ಟುಕೊಳ್ಳಿ. ದುಡ್ಡಿನ ವ್ಯವಹಾರ ಅಲ್ಲ, ಅವರು ಫೋನ್ ಮಾಡಿ 'ಈ ಮಗುವಿಗೆ ಹೀಗಾಗಿದೆ, ಎಲ್ಲಿಗೆ ಕಳಿಸಲಿ' ಅಂದರೆ ನೆಟ್ಟಗೆ ಉತ್ತರ ಕೊಡುವುದು. ಎಷ್ಟೋ ಸಲ ಆ ಉತ್ತರ 'ಸರ್ಕಾರಿ ಆಸ್ಪತ್ರೆಗೇ ಕಳಿಸಿ, ಅಲ್ಲಿ ಲಸಿಕೆ ಉಚಿತ' ಅಂತ ಇರುತ್ತದೆ. ಆಗ ಪೇಶೆಂಟ್ ನಮ್ಮ ಕೈತಪ್ಪಿ ಹೋದಂತೆ ಕಾಣಬಹುದು. ನನಗಂತೂ ಹಾಗೆ ಅನ್ನಿಸಿಲ್ಲ.

ಹಳ್ಳಿಯಲ್ಲಿ ಮಾತಾಡಲು ಒಳ್ಳೆಯ ಜಾಗ ಹಾಲಿನ ಡೈರಿ. ಬೆಳಿಗ್ಗೆ ಕ್ಯಾನು ಹಿಡಿದು ಎಲ್ಲರೂ ಅಲ್ಲಿಗೆ ಬರಲೇಬೇಕು. ಕಾರ್ಯದರ್ಶಿಯನ್ನು ಕೇಳಿ, ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಮೊದಲೇ ತಿಳಿಸಿ, ಒಂದು ಬೆಳಿಗ್ಗೆ ಬಿಪಿ ನೋಡಿ. ಮೈಕು, ಬ್ಯಾನರ್, ಶಾಲು ಬೇಡ. ಒಂದೇ ವಿಷಯ ಮಾತಾಡಿ, ಹತ್ತು ನಿಮಿಷ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಇಂಥದ್ದು. ಬಿಪಿ ಹೆಚ್ಚಿದ್ದವರಿಗೆ ಅಂಕಿ ಬರೆದ ಚೀಟಿ ಕೊಡಿ, 'ನಿಮಗೆ ಹತ್ತಿರ ಆಗುವ ಡಾಕ್ಟರಿಗೆ ತೋರಿಸಿ' ಅನ್ನಿ. ನಮ್ಮಲ್ಲಿಗೇ ಬನ್ನಿ ಅನ್ನಬೇಡಿ.

ಹತ್ತನೆಯದು: ಒಂದು ಕಾಲಂ

ಹೊಸಬರ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಊರಿನ ಪಕ್ಕ ಇನ್ನೊಂದು ಕಾಲಂ ಗೆರೆ ಹಾಕಿ: 'ಯಾರು ಹೇಳಿದರು?' ಪ್ರತಿಯೊಬ್ಬ ಹೊಸ ಪೇಶೆಂಟನ್ನೂ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆಯಿರಿ. ತಿಂಗಳ ಕೊನೆಗೆ ಎಣಿಸಿ. ಗೂಗಲ್ ಎಷ್ಟು, ಮೆಡಿಕಲ್ ಶಾಪ್ ಎಷ್ಟು, ನೆಂಟರು ಎಷ್ಟು. ಜೊತೆಗೆ ಇನ್ನೊಂದು ಲೆಕ್ಕ: ಮೂರು ತಿಂಗಳ ಹಿಂದೆ ಮೊದಲ ಸಲ ಬಂದವರಲ್ಲಿ ಎಷ್ಟು ಜನ ಮತ್ತೆ ಬಂದರು? ಹೊಸಬರು ಹೆಚ್ಚುತ್ತಿದ್ದು, ಮತ್ತೆ ಬರಬೇಕಾದ ಬಿಪಿ-ಸಕ್ಕರೆಯವರು ಬರದೇ ಇದ್ದರೆ ತೊಂದರೆ ಜಾಹೀರಾತಿನಲ್ಲಿಲ್ಲ, ಬೆಂಚಿನಲ್ಲೋ ಒಳಕೋಣೆಯಲ್ಲೋ ಇದೆ. ಆಗ ಮತ್ತೆ ಮೊದಲ ಹೆಜ್ಜೆಯ ನೋಟ್‌ಬುಕ್ ತೆಗೆಯಿರಿ.

ಹೋದ ತಿಂಗಳ ನಮ್ಮ ಆ ಕಾಲಮ್ಮಿನಲ್ಲಿ ಕಾಂಪೌಂಡರ್ ಹುಡುಗ ಬರೆದ ಒಂದು ಸಾಲು ಹೀಗಿದೆ: 'ತೋಟದ ಯಜಮಾನರ ಬೀಗರು. ಸಕ್ಕರೆ ಮಾತ್ರೆ ತಿಂದು ಬಿದ್ದಿದ್ದರಲ್ಲ, ಅವರು ಹೇಳಿ ಕಳಿಸಿದ್ದು.'